ವೈಫೈ ಇದೆ, ಇಂಟರ್‌ನೆಟ್ ಇಲ್ಲ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಂಚಿಕೆಗೆ ಮೈಸೂರು, ಮಂಡ್ಯ ಕಡೆಯಿಂದ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ ತೊಂದರೆಯ ಸುತ್ತ ಇವೆ: ಮನೆಯ ಕಂಪ್ಯೂಟರಿಗೆ ನೆಟ್ ಸಿಗುತ್ತಿಲ್ಲ. ಕಾರಣ ಮಾತ್ರ ಒಬ್ಬೊಬ್ಬರದು ಒಂದೊಂದು. ಸೆಟ್ಟಿಂಗ್‌ಗಳನ್ನು ಕೆದಕುವ ಮೊದಲು ಕೊಂಡಿ ಎಲ್ಲಿ ಕಳಚಿದೆ ಎಂದು ಹುಡುಕಬೇಕು. ಆ ಕ್ರಮವನ್ನು ಮೊದಲ ಉತ್ತರದಲ್ಲೇ ಬಿಡಿಸಿ ಹೇಳಿದ್ದೇವೆ. ಉಳಿದವರೂ ಅದನ್ನು ಮೊದಲು ಓದಿಕೊಳ್ಳಿ.

ಪ್ರಶ್ನೆ: ಸರ್, ನಮ್ಮ ಮನೆಯಲ್ಲಿ ಫೈಬರ್ ಕನೆಕ್ಷನ್ ಇದೆ. ವಾರದಿಂದ ಡೆಸ್ಕ್‌ಟಾಪಿನಲ್ಲಿ ನೆಟ್ ಬರುತ್ತಿಲ್ಲ. ಕಂಪನಿಯವರಿಗೆ ಫೋನ್ ಮಾಡಿದರೆ "ಲೈನ್ ಸರಿಯಾಗಿದೆ, ನಿಮ್ಮ ಕಂಪ್ಯೂಟರ್ ನೋಡಿಸಿ" ಅಂತಾರೆ. ಕಂಪ್ಯೂಟರ್ ರಿಪೇರಿಯವರು "ಇದು ಲೈನಿನ ತೊಂದರೆ" ಅಂತಾರೆ. ಯಾರ ಮಾತು ನಂಬಲಿ?
— ನಿವೃತ್ತ ಉಪನ್ಯಾಸಕರು, ಸರಸ್ವತಿಪುರಂ, ಮೈಸೂರು

ಉತ್ತರ: ಯಾರ ಮಾತನ್ನೂ ನಂಬಬೇಕಾಗಿಲ್ಲ. ಹತ್ತು ಹದಿನೈದು ನಿಮಿಷ ಕೂತರೆ ನೀವೇ ತೀರ್ಮಾನಿಸಬಹುದು.

ಮೊದಲು ಮೊಬೈಲ್ ತೆಗೆದುಕೊಳ್ಳಿ. ಅದರ ಮೊಬೈಲ್ ಡೇಟಾ ಆಫ್ ಮಾಡಿ, ಮನೆಯ ವೈಫೈ ಮಾತ್ರ ಇಟ್ಟುಕೊಂಡು ಯಾವುದಾದರೂ ಹೊಸ ಪುಟ ತೆರೆಯಿರಿ. ಡೇಟಾ ಆಫ್ ಮಾಡುವುದನ್ನು ಬಹಳ ಜನ ಮರೆಯುತ್ತಾರೆ. ವೈಫೈನಲ್ಲಿ ನೆಟ್ ಇಲ್ಲ ಎಂದು ಗೊತ್ತಾದರೆ ಫೋನು ಸದ್ದಿಲ್ಲದೆ ಸಿಮ್ಮಿನ ಡೇಟಾಗೆ ಜಿಗಿಯುತ್ತದೆ, ನಾವು ವೈಫೈ ಚೆನ್ನಾಗಿದೆ ಅಂದುಕೊಳ್ಳುತ್ತೇವೆ. ಡೇಟಾ ಆಫ್ ಇದ್ದೂ ಫೋನಿನಲ್ಲಿ ಪುಟ ತೆರೆದರೆ ಲೈನ್ ಸರಿಯಿದೆ. ತೊಂದರೆ ಕಂಪ್ಯೂಟರಿನಲ್ಲಿ ಅಥವಾ ಅದಕ್ಕೆ ಹೋಗುವ ವೈರಿನಲ್ಲಿ. ತೆರೆಯದಿದ್ದರೆ ರೂಟರಿನ ದೀಪಗಳನ್ನು ನೋಡಿ.

ಫೈಬರ್ ಪೆಟ್ಟಿಗೆಯಲ್ಲಿ ಎರಡು ದೀಪ ಮುಖ್ಯ. ಪಾನ್ (ಪಿ, ಓ, ಎನ್ ಎಂದು ಬರೆದಿರುತ್ತದೆ) ಎಂಬ ದೀಪ ಮಿಣುಕದೆ ಹಸಿರಾಗಿ ನಿಂತಿರಬೇಕು. ಅದು ಮಿಣುಕುತ್ತಲೇ ಇದ್ದರೆ ಬೆಳಕು ಬರುತ್ತಿದೆ, ಆದರೆ ಕಂಪನಿಯ ಕಡೆಯ ಯಂತ್ರದೊಂದಿಗೆ ನೋಂದಣಿ ಆಗುತ್ತಿಲ್ಲ ಎಂದರ್ಥ. ಲಾಸ್ (ಎಲ್, ಓ, ಎಸ್) ಎಂಬ ದೀಪ ಆರಿರಬೇಕು. ಅದು ಕೆಂಪಾದರೆ ಬೆಳಕು ನಿಮ್ಮ ಮನೆಗೆ ಬರುತ್ತಲೇ ಇಲ್ಲ, ಅಥವಾ ಸಾಲದಷ್ಟು ಬರುತ್ತಿದೆ. ಆಗ ಕಂಪ್ಯೂಟರ್ ಮುಟ್ಟುವುದೇ ಬೇಡ. ಬೀರು ಸರಿಸಿದಾಗ ಫೈಬರ್ ಸಿಕ್ಕಿಕೊಂಡು ಮಡಚಿದೆಯೇ, ಸಜ್ಜೆಯ ಮೇಲೆ ಇಲಿಯೋ ಅಳಿಲೋ ಕಡಿದಿದೆಯೇ, ಹಸಿರು ಕನೆಕ್ಟರ್ ಪೂರ್ತಿ ಕೂತಿದೆಯೇ ನೋಡಿ. ಫೈಬರಿನೊಳಗಿರುವುದು ಕೂದಲೆಳೆಯಷ್ಟು ಸಣ್ಣ ಗಾಜು. ಮೂರು ಸೆಂಟಿಮೀಟರ್ ತ್ರಿಜ್ಯಕ್ಕಿಂತ ಬಿಗಿಯಾಗಿ ಸುತ್ತಿದರೆ ಬೆಳಕು ಬಾಗಿದ ಜಾಗದಲ್ಲಿ ಸೋರಿಹೋಗಬಹುದು. ಕನೆಕ್ಟರ್ ಬಿಚ್ಚಿದರೆ ಅದರ ತುದಿಯನ್ನು ಬೆರಳಿನಿಂದ ಮುಟ್ಟಬೇಡಿ, ಬಾಯಿಂದ ಊದಬೇಡಿ. ಒಂದು ಕಣ ಧೂಳು ಕೂತರೂ ಸಿಗ್ನಲ್ ಕುಸಿಯುತ್ತದೆ. ತುದಿಯನ್ನು ಕಣ್ಣಿಗೆ ಹಿಡಿದು ನೋಡಲಂತೂ ಬೇಡಿ. ಅದರಲ್ಲಿ ಬರುವುದು ಕಣ್ಣಿಗೆ ಕಾಣದ ಲೇಸರ್.

ಲೈನ್‌ಮನ್ ಬಂದಾಗ ಪವರ್ ಮೀಟರಿನಲ್ಲಿ ಎಷ್ಟು ತೋರಿಸುತ್ತಿದೆ ಎಂದು ಕೇಳಿ. ಮೈನಸ್ 15ರಿಂದ ಮೈನಸ್ 25 ಡಿಬಿಎಂ (ಬೆಳಕಿನ ಬಲದ ಅಳತೆ) ಒಳಗಿದ್ದರೆ ಚಿಂತೆಯಿಲ್ಲ. ಮೈನಸ್ 27ರ ಆಸುಪಾಸಿಗೆ ಇಳಿದರೆ ಇಂದು ಕೆಲಸ ಮಾಡಿದರೂ ನಾಳೆ ಬಿಟ್ಟುಹೋಗುತ್ತದೆ. "ಸದ್ಯಕ್ಕೆ ಬಂತಲ್ಲ" ಎಂದು ಅವರನ್ನು ಕಳಿಸಿಬಿಡಬೇಡಿ. ಜಾಯಿಂಟ್ ಮತ್ತೆ ಮಾಡಿಸಿ.

ಇನ್ನು ಕಂಪ್ಯೂಟರಿನ ಸರದಿ. ಸ್ಟಾರ್ಟ್ ಒತ್ತಿ ಸಿಎಂಡಿ ಎಂದು ಟೈಪ್ ಮಾಡಿ ಎಂಟರ್ ಹೊಡೆಯಿರಿ. ಕಪ್ಪು ಕಿಟಕಿ ತೆರೆಯುತ್ತದೆ. ಅಲ್ಲಿ ಐಪಿಕಾನ್ಫಿಗ್ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ, ಐ, ಪಿ, ಸಿ, ಓ, ಎನ್, ಎಫ್, ಐ, ಜಿ, ನಡುವೆ ಜಾಗ ಬಿಡದೆ ಬರೆದು ಎಂಟರ್ ಕೊಡಿ. ಈಥರ್‌ನೆಟ್ ಅಥವಾ ವೈಫೈ ಎಂಬ ತಲೆಬರಹದ ಕೆಳಗೆ ಏನಿದೆ ನೋಡಿ.

"ಮೀಡಿಯಾ ಡಿಸ್‌ಕನೆಕ್ಟೆಡ್" ಎಂದಿದ್ದರೆ ವೈರೇ ತಾಗುತ್ತಿಲ್ಲ. ಲ್ಯಾನ್ ವೈರನ್ನು ರೂಟರಿನ ಬೇರೆ ಪೋರ್ಟಿಗೆ ಹಾಕಿ, ಬೇರೆ ವೈರ್ ಹಾಕಿ ನೋಡಿ. ಕನೆಕ್ಟರಿನ ಪ್ಲಾಸ್ಟಿಕ್ ಕಡ್ಡಿ ಮುರಿದಿದ್ದರೆ ಅದು ಕೂತಂತೆ ಕಂಡರೂ ಕೂತಿರುವುದಿಲ್ಲ.

ಐಪಿವಿ4 ವಿಳಾಸ 169.254 ಎಂದು ಶುರುವಾದರೆ ವೈರ್ ತಾಗಿದೆ, ಆದರೆ ರೂಟರು ವಿಳಾಸ ಕೊಟ್ಟಿಲ್ಲ. ಉತ್ತರ ಬಾರದೆ ವಿಂಡೋಸ್ ತನಗೆ ತಾನೇ ಒಂದು ವಿಳಾಸ ಇಟ್ಟುಕೊಂಡಿದೆ. ರೂಟರ್ ಆಫ್ ಮಾಡಿ ಒಂದು ನಿಮಿಷ ಬಿಟ್ಟು ಆನ್ ಮಾಡಿ, ದೀಪಗಳು ನಿಂತ ಮೇಲೆ ಕಂಪ್ಯೂಟರನ್ನು ರೀಸ್ಟಾರ್ಟ್ ಮಾಡಿ. ಶಟ್‌ಡೌನ್ ಮಾಡಿ ಆನ್ ಮಾಡಿದರೆ ಸಾಲದು. ವಿಂಡೋಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಇದ್ದರೆ ಶಟ್‌ಡೌನ್ ಆದಾಗ ಡ್ರೈವರುಗಳ ಹಳೆಯ ಸ್ಥಿತಿಯನ್ನು ಡಿಸ್ಕಿನಲ್ಲಿ ಬರೆದಿಟ್ಟು, ಆನ್ ಆದಾಗ ಅದನ್ನೇ ವಾಪಸು ತರುತ್ತದೆ. ಪೂರ್ತಿ ಹೊಸದಾಗಿ ಏಳುವುದು ರೀಸ್ಟಾರ್ಟ್‌ನಲ್ಲಿ ಮಾತ್ರ.

ವಿಳಾಸ 192.168 ಎಂದು ಶುರುವಾಗಿ, ಕೆಳಗೆ ಡಿಫಾಲ್ಟ್ ಗೇಟ್‌ವೇ, ಅಂದರೆ ರೂಟರಿನ ವಿಳಾಸ, ಕೂಡ ಇದ್ದರೆ ಮೂರು ಸಲ ಪಿಂಗ್ ಮಾಡಿ, ಅಂದರೆ ಆ ಕಡೆಯ ಯಂತ್ರವನ್ನು "ಇದ್ದೀಯಾ" ಎಂದು ಕೂಗಿ ನೋಡಿ. ಮೊದಲು ಗೇಟ್‌ವೇ ವಿಳಾಸಕ್ಕೆ: ಪಿಂಗ್ ಎಂದು ಬರೆದು ಜಾಗ ಬಿಟ್ಟು 192.168.1.1, ಅಥವಾ ನಿಮ್ಮಲ್ಲಿ ತೋರಿಸಿದ ಸಂಖ್ಯೆ. ಆಮೇಲೆ 8.8.8.8ಕ್ಕೆ, ಅದು ಹೊರಗಿನ ಜಾಲದಲ್ಲಿರುವ ಗೂಗಲ್‌ನ ಯಂತ್ರ. ಕೊನೆಗೆ ಗೂಗಲ್ ಡಾಟ್ ಕಾಮ್‌ಗೆ. ಪ್ರತಿ ಸಲ ನಾಲ್ಕು ಸಾಲು ಉತ್ತರ ಬರಬೇಕು. ಇಲ್ಲೊಂದು ಮೋಸ ಹೋಗುವ ಜಾಗವಿದೆ. "ರಿಪ್ಲೈ ಫ್ರಮ್" ಎಂದು ಶುರುವಾಗಿ ಸಾಲಿನ ಕೊನೆಯಲ್ಲಿ "ಡೆಸ್ಟಿನೇಷನ್ ಹೋಸ್ಟ್ ಅನ್‌ರೀಚಬಲ್" ಎಂದಿದ್ದರೆ ಅದು ಉತ್ತರವಲ್ಲ, ನಿಮ್ಮ ಕಂಪ್ಯೂಟರೋ ರೂಟರೋ "ತಲುಪಲಿಲ್ಲ" ಎಂದು ಹೇಳುತ್ತಿದೆ. ಕೆಳಗೆ ನಷ್ಟ ಸೊನ್ನೆ ಎಂದು ತೋರಿಸಿದರೂ ಅದನ್ನು ಫೇಲ್ ಎಂದೇ ಎಣಿಸಿ.

ಗೇಟ್‌ವೇಗೇ ಉತ್ತರ ಇಲ್ಲದಿದ್ದರೆ ತೊಂದರೆ ಮನೆಯೊಳಗೆ. ಗೇಟ್‌ವೇ ಉತ್ತರಿಸಿ, 8.8.8.8 ಸುಮ್ಮನಿದ್ದು, ಫೋನಿನಲ್ಲೂ ನೆಟ್ ಇಲ್ಲದಿದ್ದರೆ ತೊಂದರೆ ರೂಟರಿನಿಂದ ಆಚೆ, ಕಂಪನಿಯ ಕಡೆ. ಮೊದಲ ಎರಡೂ ಉತ್ತರಿಸಿ ಹೆಸರಿಗೆ ಮಾತ್ರ ಬರದಿದ್ದರೆ ಡಿಎನ್‌ಎಸ್, ಅಂದರೆ ಹೆಸರಿಗೆ ವಿಳಾಸ ಹುಡುಕಿಕೊಡುವ ವ್ಯವಸ್ಥೆ, ಕೆಟ್ಟಿದೆ. ಸೆಟ್ಟಿಂಗ್ಸ್, ನೆಟ್‌ವರ್ಕ್ ಅಂಡ್ ಇಂಟರ್‌ನೆಟ್, ಈಥರ್‌ನೆಟ್ ಎಂದು ಹೋಗಿ ಡಿಎನ್‌ಎಸ್ ಎಂಬಲ್ಲಿ ಎಡಿಟ್ ಒತ್ತಿ, ಮ್ಯಾನ್ಯುಯಲ್ ಮಾಡಿ, ಐಪಿವಿ4 ಆನ್ ಮಾಡಿ 8.8.8.8 ಮತ್ತು 1.1.1.1 ತುಂಬಿ ಸೇವ್ ಮಾಡಿ. ಇದು ವಿಂಡೋಸ್ 11ರ ದಾರಿ.

ಮೂರೂ ಪಿಂಗ್ ಸರಿಯಾಗಿ ಬಂದು ಬ್ರೌಸರ್ ಮಾತ್ರ ತೆರೆಯದಿದ್ದರೆ ಅದೇ ನೆಟ್‌ವರ್ಕ್ ಪುಟದಲ್ಲಿ ಪ್ರಾಕ್ಸಿ ಎಂಬುದಿದೆ, ಅದರಲ್ಲಿ "ಯೂಸ್ ಎ ಪ್ರಾಕ್ಸಿ ಸರ್ವರ್" ಆಫ್ ಇದೆಯೇ ನೋಡಿ. ಬಿಟ್ಟಿ ಸಾಫ್ಟ್‌ವೇರ್ ಹಾಕಿದಾಗ ಕೆಲವು ತುಂಟ ಪ್ರೋಗ್ರಾಂಗಳು ಇದನ್ನು ಆನ್ ಮಾಡಿ ಹೋಗುತ್ತವೆ. ಅವಧಿ ಮುಗಿದ ಆಂಟಿವೈರಸ್ಸೂ ಹೀಗೆ ಅಡ್ಡ ಕೂರಬಹುದು. ಅದನ್ನು ತೆಗೆದುಹಾಕಿ, ವಿಂಡೋಸ್‌ನದೇ ಡಿಫೆಂಡರ್ ತಾನಾಗಿ ಎದ್ದುಕೊಳ್ಳುತ್ತದೆ. ಇಷ್ಟೆಲ್ಲ ಆದಮೇಲೂ ಬಗ್ಗದಿದ್ದರೆ ನೆಟ್‌ವರ್ಕ್ ರೀಸೆಟ್ ಎಂಬ ಬಟನ್ ಒತ್ತಿ. ಅದು ಎಲ್ಲ ನೆಟ್‌ವರ್ಕ್ ಕಾರ್ಡುಗಳನ್ನೂ ತೆಗೆದು ಹೊಸದಾಗಿ ಕೂರಿಸುತ್ತದೆ. ವೈಫೈ ಪಾಸ್‌ವರ್ಡ್‌ಗಳು ಅಳಿಸಿಹೋಗುತ್ತವೆ, ಬರೆದಿಟ್ಟುಕೊಂಡಿರಿ.

ಪಾನ್ ದೀಪ ಹೇಗಿದೆ, ವಿಳಾಸ ಯಾವುದು, ಮೂರು ಪಿಂಗಿನ ಫಲ ಏನು ಎಂದು ಚೀಟಿಯಲ್ಲಿ ಬರೆದುಕೊಂಡು ಕಂಪನಿಗೆ ಫೋನ್ ಮಾಡಿ. "ಪಾನ್ ಹಸಿರು, ಗೇಟ್‌ವೇ ಬರುತ್ತಿದೆ, 8.8.8.8 ಬರುತ್ತಿಲ್ಲ, ಎರಡು ಫೋನಿನಲ್ಲೂ ಹೀಗೇ" ಎಂದರೆ ಕಂಪ್ಯೂಟರ್ ನೋಡಿಸಿ ಎನ್ನಲು ಅವರಿಗೆ ದಾರಿ ಇರುವುದಿಲ್ಲ.

ಪ್ರಶ್ನೆ: ನೆಟ್ ನಿಧಾನ ಇತ್ತು ಅಂತ ರೂಟರ್ ಹಿಂದಿನ ಸಣ್ಣ ತೂತಿಗೆ ಪಿನ್ ಚುಚ್ಚಿ ರೀಸೆಟ್ ಮಾಡಿದೆ. ಈಗ ವೈಫೈ ಹೆಸರೇ ಬದಲಾಗಿದೆ, ನೆಟ್ ಪೂರ್ತಿ ನಿಂತಿದೆ. ರೂಟರ್ ಕೆಟ್ಟುಹೋಯಿತೇ?
— ಸುಭಾಷ್‌ನಗರ, ಮಂಡ್ಯ

ಉತ್ತರ: ಕೆಟ್ಟಿಲ್ಲ, ಮರೆತಿದೆ. ರೀಸ್ಟಾರ್ಟ್ ಬೇರೆ, ರೀಸೆಟ್ ಬೇರೆ. ಕರೆಂಟ್ ತೆಗೆದು ಹಾಕಿದರೆ ರೀಸ್ಟಾರ್ಟ್. ಸೆಟ್ಟಿಂಗ್ ಎಲ್ಲ ಹಾಗೇ ಉಳಿಯುತ್ತದೆ. ಪಿನ್ ಚುಚ್ಚಿ ಹತ್ತು ಸೆಕೆಂಡ್ ಹಿಡಿದರೆ ಕಾರ್ಖಾನೆಯಿಂದ ಬಂದ ದಿನದ ಸ್ಥಿತಿಗೆ ಹೋಗುತ್ತದೆ, ಕನೆಕ್ಷನ್ ಕೊಟ್ಟವರು ಅದರಲ್ಲಿ ತುಂಬಿದ್ದ ಯೂಸರ್‌ನೇಮ್, ಪಾಸ್‌ವರ್ಡ್, ವಿಲ್ಯಾನ್ ಸಂಖ್ಯೆ (ಕಂಪನಿಯ ಜಾಲದಲ್ಲಿ ನಿಮ್ಮ ದಾರಿಯ ಗುರುತು) ಮೂರೂ ಅಳಿಯುತ್ತವೆ. ಕೆಲವು ಕಂಪನಿಗಳ ಪೆಟ್ಟಿಗೆಗಳು ಲೈನಿಗೆ ಸೇರಿದ ಕೂಡಲೇ ಸೆಟ್ಟಿಂಗನ್ನು ತಾವೇ ತರಿಸಿಕೊಳ್ಳುತ್ತವೆ. ಹದಿನೈದು ನಿಮಿಷ ಕಾಯ್ದರೂ ನಿಮ್ಮದು ಹಾಗೆ ಮಾಡದಿದ್ದರೆ ಕೈಯಿಂದಲೇ ತುಂಬಬೇಕು.

ಪೆಟ್ಟಿಗೆಯ ತಳದ ಚೀಟಿಯಲ್ಲಿ ಈಗಿನ ವೈಫೈ ಹೆಸರು, ಪಾಸ್‌ವರ್ಡ್, ಒಳಗೆ ಹೋಗುವ ವಿಳಾಸ ಇರುತ್ತವೆ. ಬ್ರೌಸರಿನಲ್ಲಿ ಆ ವಿಳಾಸ ಹಾಕಿ ಒಳಹೊಕ್ಕು ವ್ಯಾನ್, ಅಂದರೆ ಹೊರಗಿನ ಲೈನಿನ, ಪುಟಕ್ಕೆ ಹೋಗಿ. ಕನೆಕ್ಷನ್ ಬಗೆ ಪಿಪಿಪಿಒಇ ಎಂದು ಆರಿಸಿ ಕಂಪನಿ ಕೊಟ್ಟ ಯೂಸರ್‌ನೇಮ್, ಪಾಸ್‌ವರ್ಡ್, ವಿಲ್ಯಾನ್ ಸಂಖ್ಯೆ ತುಂಬಿ. ವಿಲ್ಯಾನ್ ಸಂಖ್ಯೆ ಒಂದು ತಪ್ಪಿದರೂ ಪಾಸ್‌ವರ್ಡ್ ಕೇಳುವ ಹಂತಕ್ಕೇ ಹೋಗುವುದಿಲ್ಲ, ಜನ ಸುಮ್ಮನೆ ಪಾಸ್‌ವರ್ಡ್ ಬದಲಿಸುತ್ತಾ ಕೂರುತ್ತಾರೆ. ಆಥೆಂಟಿಕೇಷನ್ ಫೇಲ್ ಎಂದು ಬಂದರೆ, ಕಂಪ್ಯೂಟರಿನಿಂದಲೇ ಡಯಲ್ ಮಾಡುವವರಿಗೆ ಎರರ್ 691 ಎಂದು ಬಂದರೆ, ಹೆಸರು ಅಥವಾ ಪಾಸ್‌ವರ್ಡ್ ತಪ್ಪಿದೆ, ಇಲ್ಲವೇ ಬಿಲ್ ಬಾಕಿಯಿಂದ ಖಾತೆ ನಿಂತಿದೆ. ಎರರ್ 651 ಆದರೆ ಆ ಕಡೆಯಿಂದ ಉತ್ತರವೇ ಇಲ್ಲ. ವೈರ್, ಫೈಬರ್ ನೋಡಿ.

ನೆಟ್ ಬಂದ ದಿನವೇ ಆ ವ್ಯಾನ್ ಪುಟದ ಫೋಟೋ ತೆಗೆದಿಟ್ಟುಕೊಳ್ಳಿ. ಆಮೇಲೆ ಪಿನ್ನಿನ ತಂಟೆಗೆ ಹೋಗಬೇಡಿ.

ಪ್ರಶ್ನೆ: ನಮ್ಮದು ಹಳೇ ಕಾಲದ ಮನೆ, ಗೋಡೆ ಒಂದೂವರೆ ಅಡಿ ದಪ್ಪ. ಮಹಡಿಯ ಕೋಣೆಗೆ ವೈಫೈ ಬಾರದು ಅಂತ ಮನೆಯಲ್ಲಿದ್ದ ಹಳೆಯ ರೂಟರನ್ನು ಲ್ಯಾನ್ ವೈರಿನಲ್ಲಿ ಜೋಡಿಸಿದೆವು. ಅಂದಿನಿಂದ ಮನೆಯ ಕಂಪ್ಯೂಟರುಗಳಲ್ಲಿ ಒಮ್ಮೆ ನೆಟ್ ಬರುತ್ತದೆ, ಒಮ್ಮೆ ಇಲ್ಲ. ಹಳೆಯದನ್ನು ಬಿಚ್ಚಿದರೆ ಸರಿಹೋಗುತ್ತದೆ. ಏನು ಮಾಡುವುದು?
— ಗೃಹಿಣಿ, ಒಂಟಿಕೊಪ್ಪಲ್, ಮೈಸೂರು

ಉತ್ತರ: ನಿಮ್ಮ ಆಲೋಚನೆ ಸರಿಯಾಗಿಯೇ ಇದೆ, ಜೋಡಿಸುವಾಗ ಎರಡು ಕೆಲಸ ಬಿಟ್ಟುಹೋಗಿದೆ. ಎರಡೂ ರೂಟರುಗಳು ತಮ್ಮ ವಿಳಾಸ 192.168.1.1 ಎಂದೇ ಹೇಳುತ್ತಿವೆ, ಎರಡೂ ಡಿಎಚ್‌ಸಿಪಿ ಎಂಬ ಕೆಲಸ ಮಾಡುತ್ತಿವೆ, ಅಂದರೆ ಬಂದ ಬಂದ ಕಂಪ್ಯೂಟರಿಗೆ ವಿಳಾಸ ಹಂಚುತ್ತಿವೆ. ಒಂದೇ ಬೀದಿಯಲ್ಲಿ ಇಬ್ಬರು ಒಬ್ಬರಿಗೊಬ್ಬರು ಹೇಳದೆ ಮನೆ ನಂಬರ್ ಬರೆಯುತ್ತಾ ಹೋದಂತೆ. ಮೊದಲು ಯಾವುದು ಉತ್ತರಿಸಿತೋ ಅದರ ಮೇಲೆ ನಿಮ್ಮ ಅದೃಷ್ಟ: ಹೊಸದು ವಿಳಾಸ ಕೊಟ್ಟರೆ ನೆಟ್ ಬರುತ್ತದೆ; ಹಳೆಯದು ಕೊಟ್ಟರೆ ಕಂಪ್ಯೂಟರ್ ಅದನ್ನೇ ಹೊರಬಾಗಿಲು ಅಂದುಕೊಳ್ಳುತ್ತದೆ, ಅದಕ್ಕೋ ಹೊರಗೆ ಹೋಗುವ ದಾರಿಯೇ ಇಲ್ಲ.

ಹಳೆಯ ರೂಟರನ್ನು ಮನೆಯ ಜಾಲದಿಂದ ಪೂರ್ತಿ ಬಿಡಿಸಿ, ಒಂದೇ ಒಂದು ಕಂಪ್ಯೂಟರಿಗೆ ವೈರಿನಲ್ಲಿ ಜೋಡಿಸಿ. 192.168.1.1ಕ್ಕೆ ಹೋಗಿ ಮೊದಲು ಅದರ ಲ್ಯಾನ್ ಐಪಿಯನ್ನು 192.168.1.2 ಮಾಡಿ ಸೇವ್ ಮಾಡಿ. ಪುಟ ಕಡಿದುಹೋಗುತ್ತದೆ, ಗಾಬರಿ ಬೇಡ, ಈಗ 192.168.1.2 ಎಂದು ಟೈಪ್ ಮಾಡಿ ಮತ್ತೆ ಒಳಹೋಗಿ ಡಿಎಚ್‌ಸಿಪಿ ಸರ್ವರ್ ಆಫ್ ಮಾಡಿ. ಈ ಕ್ರಮ ಹಿಂದುಮುಂದಾಗಬಾರದು. ಡಿಎಚ್‌ಸಿಪಿ ಮೊದಲೇ ಆಫ್ ಮಾಡಿದರೆ ಮತ್ತೆ ಒಳಹೋಗಲು ಕಂಪ್ಯೂಟರಿಗೆ ಕೈಯಿಂದ ವಿಳಾಸ ಹಾಕಬೇಕಾಗಿ ಬರಬಹುದು. ಕೊನೆಗೆ ಕೆಳಗಿನ ರೂಟರಿನಿಂದ ಬರುವ ವೈರನ್ನು ಹಳೆಯದರ ಲ್ಯಾನ್ ಪೋರ್ಟಿಗೆ ಹಾಕಿ. ಬೇರೆ ಬಣ್ಣದ ವ್ಯಾನ್ ಪೋರ್ಟ್ ಖಾಲಿ ಇರಲಿ. ಕೆಲವು ರೂಟರುಗಳಲ್ಲಿ ಆಕ್ಸೆಸ್ ಪಾಯಿಂಟ್ ಮೋಡ್ ಎಂಬ ಒಂದೇ ಆಯ್ಕೆಯಲ್ಲಿ ಇದೆಲ್ಲ ಆಗುತ್ತದೆ. ಅದಿದ್ದರೆ ಅದನ್ನೇ ಬಳಸಿ, ವೈರ್ ಯಾವ ಪೋರ್ಟಿಗೆ ಎಂದು ಆ ಪುಟದಲ್ಲೇ ಬರೆದಿರುತ್ತದೆ.

ವೈಫೈ ಚಾನೆಲ್ಲನ್ನೂ ಬೇರೆ ಮಾಡಿ. 2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್ಲುಗಳು 1, 6, 11 ಮೂರೇ. ಕೆಳಗೆ 1, ಮೇಲೆ 6 ಅಥವಾ 11 ಇಡಿ. ಇಂಥ ದಪ್ಪ ಗೋಡೆಯ ಮನೆಗೆ 5 ಗಿಗಾಹರ್ಟ್ಸ್ ಅದೇ ಕೋಣೆಯೊಳಗೆ ಮಾತ್ರ ಉಪಯೋಗ. ಗೋಡೆ ದಾಟುವಾಗ ಅದು 2.4ಕ್ಕಿಂತ ಬೇಗ ಸೊರಗುತ್ತದೆ. ಗೋಡೆಗೆ ವೈಫೈ ರಿಪೀಟರ್ ಸಿಕ್ಕಿಸುವ ಸಲಹೆ ಅಂಗಡಿಯಲ್ಲಿ ಕೊಡುತ್ತಾರೆ. ಗೋಡೆಯಾಚೆ ಸೊರಗಿದ ಸಿಗ್ನಲ್ಲನ್ನೇ ಅದು ಮತ್ತೆ ಕೂಗುವುದು, ಹಾಗಾಗಿ ನಿಮ್ಮ ಮನೆಗೆ ವೈರ್ ಎಳೆದದ್ದೇ ಸರಿ.

ಪ್ರಶ್ನೆ: ನಮ್ಮ ಡೆಸ್ಕ್‌ಟಾಪಿನಲ್ಲಿ ಯಾವ ವೆಬ್‌ಸೈಟ್ ತೆರೆದರೂ "ಯುವರ್ ಕನೆಕ್ಷನ್ ಈಸ್ ನಾಟ್ ಪ್ರೈವೇಟ್" ಎಂದು ಬರುತ್ತದೆ. ಪಕ್ಕದ ಲ್ಯಾಪ್‌ಟಾಪಿನಲ್ಲಿ ಎಲ್ಲ ಸರಿ. ವೈರಸ್ ಬಂದಿದೆಯೇ?
— ಮಳವಳ್ಳಿ

ಉತ್ತರ: ಕೆಳಗಡೆ ಮೂಲೆಯಲ್ಲಿ ತಾರೀಕು ನೋಡಿ. ಹಿಂದಿನ ಯಾವುದೋ ವರ್ಷ ತೋರಿಸುತ್ತಿರಬಹುದು. ಪ್ರತಿ ವೆಬ್‌ಸೈಟಿನ ಭದ್ರತಾ ಪ್ರಮಾಣಪತ್ರಕ್ಕೂ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಅವಧಿ ಇರುತ್ತದೆ. ಕಂಪ್ಯೂಟರಿನ ಲೆಕ್ಕದಲ್ಲಿ ಆ ದಿನ ಇನ್ನೂ ಬಂದೇ ಇಲ್ಲದಿದ್ದರೆ ಬ್ರೌಸರ್ ನಂಬುವುದಿಲ್ಲ. ತಾರೀಕು ಸರಿಮಾಡಿ, ಟೈಮ್ ಝೋನ್ ಭಾರತದ್ದು, ಅಂದರೆ 5 ಗಂಟೆ 30 ನಿಮಿಷ ಮುಂದಿನದು ಇದೆಯೇ ನೋಡಿ.

ಸ್ವಿಚ್ ಆಫ್ ಮಾಡಿ ಆನ್ ಮಾಡಿದಾಗಲೆಲ್ಲ ತಾರೀಕು ಹಿಂದೆ ಹೋಗುತ್ತಿದ್ದರೆ ಮದರ್‌ಬೋರ್ಡಿನ ಮೇಲಿನ ಬಿಲ್ಲೆ ಸೆಲ್ ಮುಗಿದಿದೆ. ಸಿಆರ್ 2032 ಎಂದು ಕೇಳಿ, 3 ವೋಲ್ಟಿನದು, ವಾಚ್ ರಿಪೇರಿ ಅಂಗಡಿಯಲ್ಲೂ ಸಿಗುತ್ತದೆ. ಕರೆಂಟ್ ವೈರ್ ಕಿತ್ತು, ಪಕ್ಕದ ಕ್ಲಿಪ್ಪನ್ನು ಉಗುರಿನಿಂದ ಒತ್ತಿದರೆ ಹಳೆಯದು ಮೇಲೆ ಹಾರುತ್ತದೆ. ಪ್ಲಸ್ ಗುರುತು ಮೇಲೆ ಬರುವಂತೆ ಹೊಸದನ್ನು ಕೂರಿಸಿ.

ಪ್ರಶ್ನೆ: ಮನೆಯಿಂದ ಆಲೆಮನೆಗೆ ಎಂಬತ್ತು ಮೀಟರ್ ದೂರ. ಅಲ್ಲಿ ತೂಕ, ಬಿಲ್ಲಿನ ಲೆಕ್ಕಕ್ಕೆ ಒಂದು ಕಂಪ್ಯೂಟರ್ ಇದೆ. ಕಂಬದಿಂದ ಕಂಬಕ್ಕೆ ಲ್ಯಾನ್ ವೈರ್ ಎಳೆದಿದ್ದೇವೆ. ಭರಣಿ ಮಳೆಯ ಗುಡುಗು ಸಿಡಿಲು ಬಂತೆಂದರೆ ಕಂಪ್ಯೂಟರಿನ ಲ್ಯಾನ್ ಪೋರ್ಟೋ ರೂಟರೋ ಸುಡುತ್ತದೆ. ಒಳ್ಳೆಯ ವೈರ್ ಯಾವುದು ಹೇಳಿ.
— ರೈತರು, ಪಾಂಡವಪುರ ತಾಲ್ಲೂಕು

ಉತ್ತರ: ಎಷ್ಟೇ ಒಳ್ಳೆಯ ತಾಮ್ರದ ವೈರ್ ಹಾಕಿದರೂ ಇದು ನಿಲ್ಲುವುದಿಲ್ಲ. ದೂರದ ಲೆಕ್ಕದಲ್ಲಿ ನಿಮ್ಮ ವೈರ್ ಸರಿಯಾಗಿಯೇ ಇದೆ, ಲ್ಯಾನಿಗೆ 100 ಮೀಟರ್ ಮಿತಿ. ತೊಂದರೆ ದೂರದ್ದಲ್ಲ, ತಾಮ್ರದ್ದು. ಮನೆಗೊಂದು ಅರ್ಥಿಂಗ್, ಆಲೆಮನೆಗೊಂದು ಅರ್ಥಿಂಗ್. ಹತ್ತಿರದಲ್ಲಿ ಸಿಡಿಲು ಬಿದ್ದಾಗ ಆ ಎರಡು ನೆಲಗಳ ನಡುವೆ ಕ್ಷಣಮಾತ್ರ ಸಾವಿರಾರು ವೋಲ್ಟ್ ವ್ಯತ್ಯಾಸ ಏಳಬಹುದು, ಎರಡನ್ನೂ ಜೋಡಿಸುವ ತಾಮ್ರದ ದಾರಿ ನಿಮ್ಮ ಲ್ಯಾನ್ ವೈರು. ಸಿಡಿಲು ವೈರಿಗೇ ಹೊಡೆಯಬೇಕಾಗಿಲ್ಲ, ಪಕ್ಕದ ತೆಂಗಿನ ಮರಕ್ಕೆ ಹೊಡೆದರೂ ಮೇಲೆ ತೂಗುಬಿಟ್ಟ ಉದ್ದ ವೈರಿನಲ್ಲಿ ವಿದ್ಯುತ್ ಚಿಮ್ಮುತ್ತದೆ.

ಎರಡು ಕಟ್ಟಡದ ನಡುವೆ ಫೈಬರ್ ಎಳೆಯಿರಿ. ಗಾಜಿನಲ್ಲಿ ವಿದ್ಯುತ್ ಹರಿಯದು. ಬೇಕಾದದ್ದು: ಎರಡೂ ತುದಿಗೆ ಕನೆಕ್ಟರ್ ಹಾಕಿಸಿದ ಸಿಂಗಲ್ ಮೋಡ್ ಡ್ರಾಪ್ ಫೈಬರ್ 100 ಮೀಟರ್; ಒಂದು ಜೊತೆ ಸಿಂಗಲ್ ಫೈಬರ್ ಮೀಡಿಯಾ ಕನ್ವರ್ಟರ್ (ಲ್ಯಾನ್ ಸಿಗ್ನಲ್ಲನ್ನು ಬೆಳಕಾಗಿ, ಬೆಳಕನ್ನು ಮತ್ತೆ ಲ್ಯಾನ್ ಸಿಗ್ನಲ್ಲಾಗಿ ಬದಲಿಸುವ ಪೆಟ್ಟಿಗೆ); ಎರಡು ಚಿಕ್ಕ ಲ್ಯಾನ್ ವೈರ್. ಕನ್ವರ್ಟರುಗಳನ್ನು ಜೊತೆಯಾಗಿಯೇ ಕೊಳ್ಳಬೇಕು. ಒಂದು 1310 ನ್ಯಾನೋಮೀಟರಿನಲ್ಲಿ ಕಳಿಸಿ 1550ರಲ್ಲಿ ಕೇಳಿಸಿಕೊಂಡರೆ ಇನ್ನೊಂದು ತಿರುಗಾಮುರುಗಾ. ಅಂಗಡಿಯಲ್ಲಿ ಎ ಮತ್ತು ಬಿ ಎಂದು ಬರೆದಿರುತ್ತಾರೆ. ಎರಡೂ ಎ ತಂದರೆ ಎಷ್ಟು ಹೊತ್ತು ಕೂತರೂ ದೀಪ ಹತ್ತುವುದಿಲ್ಲ. ಕನ್ವರ್ಟರಿನ ಬಾಯಿ ಸಾಮಾನ್ಯವಾಗಿ ನೀಲಿ, ಫೈಬರಿನ ಕನೆಕ್ಟರೂ ನೀಲಿಯದೇ ಇರಲಿ. ಹಸಿರು ಕನೆಕ್ಟರಿನ ತುದಿ ಓರೆಯಾಗಿ ಉಜ್ಜಿದ್ದು, ನೀಲಿಯದರೊಳಗೆ ತುರುಕಿದರೆ ನಡುವೆ ಸಂದು ಉಳಿದು ಬೆಳಕು ವ್ಯರ್ಥವಾಗುತ್ತದೆ.

ಡ್ರಾಪ್ ಕೇಬಲ್ ಕೊಳ್ಳುವಾಗ ಒಂದು ತುಣುಕು ಸೀಳಿ ನೋಡಿ. ಬಲಕ್ಕೆ ಅಂತ ಒಳಗೆ ಉಕ್ಕಿನ ತಂತಿ ಇಟ್ಟದ್ದಾದರೆ ನಾವು ತಪ್ಪಿಸಿದ ವಿದ್ಯುತ್ತಿನ ದಾರಿಯನ್ನೇ ಮತ್ತೆ ತಂದಂತಾಯಿತು. ಉಕ್ಕಿನ ಬದಲು ನಾರಿನ ಕಡ್ಡಿ ಇರುವ ಎಫ್‌ಆರ್‌ಪಿ ಬಗೆಯದನ್ನು ಕೇಳಿ. ಕಂಬದ ಮೇಲೆ ಬೇಡ. ಒಂದೂವರೆ ಎರಡು ಅಡಿ ಆಳಕ್ಕೆ ಪೈಪಿನೊಳಗೆ ಹಾಕಿ. ಕಬ್ಬಿನ ಲೋಡು ತುಂಬಿದ ಟ್ರ್ಯಾಕ್ಟರ್ ಓಡಾಡುವ ಜಾಗದಲ್ಲಿ ತೂಗುವ ವೈರ್ ಒಂದಲ್ಲ ಒಂದು ದಿನ ಸಿಕ್ಕಿಕೊಳ್ಳುತ್ತದೆ, ತರಗಿಗೆ ಬೆಂಕಿ ಹಾಕಿದಾಗ ಮೇಲಿನ ಕೇಬಲ್ ಕರಗಿಹೋಗುವುದೂ ಉಂಟು. ಕನ್ವರ್ಟರನ್ನು ಒಲೆಯಿಂದ, ಕೊಪ್ಪರಿಗೆಯ ಹಬೆಯಿಂದ ದೂರದ ಕೋಣೆಯಲ್ಲಿ, ಮುಚ್ಚಿದ ಡಬ್ಬಿಯಲ್ಲಿ ಇಡಿ. ಮಸಿ ಕೂತ ಕನೆಕ್ಟರ್ ಬೆಳಕನ್ನು ಬಿಡುವುದಿಲ್ಲ.

ಇಷ್ಟು ಮಾಡಿದರೂ ಕರೆಂಟ್ ಲೈನಿನಿಂದ ಬರುವ ಹೊಡೆತ ಉಳಿದೇ ಇರುತ್ತದೆ. ಗುಡುಗು ಕೇಳಿದ ಕೂಡಲೇ ಎರಡೂ ಕಡೆ ಪ್ಲಗ್ ಕೀಳಿಸಿ. ಸ್ವಿಚ್ ಆಫ್ ಸಾಲದು, ಪ್ಲಗ್ಗೇ ಹೊರಗೆ ಬರಬೇಕು.

ಮನೆಯೊಳಗಿನ ಚಿಕ್ಕ ವೈರಿಗೆ ಪಿನ್ ಹೊಡೆಸುವಾಗ ಬಣ್ಣಗಳ ಕ್ರಮ ಎರಡು ತುದಿಯಲ್ಲೂ ಒಂದೇ ಇರಲಿ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಇದರಲ್ಲಿ 1, 2, 3, 6ನೇ ಎಳೆ ಸರಿಯಿದ್ದರೆ 100 ಎಂಬಿಪಿಎಸ್ ಓಡುತ್ತದೆ. 1 ಗಿಗಾಬಿಟ್ ಬೇಕಾದರೆ ಎಂಟೂ ಬೇಕು. ದೊಡ್ಡ ಪ್ಲಾನ್ ಹಾಕಿಸಿಕೊಂಡೂ ವೇಗ ಸರಿಯಾಗಿ 95ರ ಹತ್ತಿರ ನಿಲ್ಲುತ್ತದೆ ಎನ್ನುವವರು ಮೊದಲು ನೋಡಬೇಕಾದದ್ದು ನೀಲಿ, ಕಂದು ಎಳೆಗಳನ್ನು.

ಪ್ರಶ್ನೆ: ವಿಂಡೋಸ್ ಹೊಸದಾಗಿ ಹಾಕಿದ ಮೇಲೆ ವೈಫೈ ಗುರುತೇ ಮಾಯವಾಗಿದೆ, ಲ್ಯಾನ್ ವೈರನ್ನೂ ಗುರುತಿಸುತ್ತಿಲ್ಲ. ಡ್ರೈವರ್ ಹಾಕಬೇಕು ಅಂತಾರೆ, ಆದರೆ ನೆಟ್ ಇಲ್ಲದೆ ಡ್ರೈವರ್ ಇಳಿಸುವುದು ಹೇಗೆ?
— ಎಂಜಿನಿಯರಿಂಗ್ ವಿದ್ಯಾರ್ಥಿ, ಕುವೆಂಪುನಗರ, ಮೈಸೂರು

ಉತ್ತರ: ಆಂಡ್ರಾಯ್ಡ್ ಫೋನನ್ನು ಚಾರ್ಜರ್ ಕೇಬಲಿನಲ್ಲಿ ಕಂಪ್ಯೂಟರಿಗೆ ಜೋಡಿಸಿ, ಫೋನಿನ ಹಾಟ್‌ಸ್ಪಾಟ್ ಪುಟದಲ್ಲಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಇದಕ್ಕೆ ಬೇಕಾದ ಡ್ರೈವರ್ ವಿಂಡೋಸ್‌ನೊಳಗೇ ಇದೆ, ಅರ್ಧ ನಿಮಿಷದಲ್ಲಿ ನೆಟ್ ಬರುತ್ತದೆ. ಆ ಗುಂಡಿ ಮಸುಕಾಗಿದ್ದರೆ ನಿಮ್ಮ ಕೇಬಲ್ ಬರೀ ಚಾರ್ಜಿಂಗಿನದು, ಡೇಟಾ ಹೋಗುವ ಕೇಬಲ್ ಹಾಕಿ. ಡೇಟಾ ಕಡಿಮೆ ಇದ್ದರೆ ಫೋನನ್ನು ಯಾವುದಾದರೂ ವೈಫೈಗೆ ಸೇರಿಸಿಕೊಂಡೂ ಟೆದರಿಂಗ್ ಮಾಡಬಹುದು.

ಆಮೇಲೆ ವಿಂಡೋಸ್ ಅಪ್‌ಡೇಟ್ ಓಡಿಸಿ, ಹೆಚ್ಚಿನ ಕಾರ್ಡುಗಳಿಗೆ ಅಷ್ಟೇ ಸಾಕು. ಸಾಲದಿದ್ದರೆ ಡಿವೈಸ್ ಮ್ಯಾನೇಜರ್‌ನಲ್ಲಿ ಹಳದಿ ಗುರುತಿರುವುದರ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್, ಡೀಟೇಲ್ಸ್, ಹಾರ್ಡ್‌ವೇರ್ ಐಡಿ ನೋಡಿ. ವೆಂಡರ್ ಸಂಖ್ಯೆ 8086 ಆದರೆ ಇಂಟೆಲ್, 10ಇಸಿ ಆದರೆ ರಿಯಲ್‌ಟೆಕ್, 14ಇ4 ಆದರೆ ಬ್ರಾಡ್‌ಕಾಮ್. ಡ್ರೈವರನ್ನು ಲ್ಯಾಪ್‌ಟಾಪ್ ಕಂಪನಿಯ ಪುಟದಿಂದ ಮಾಡೆಲ್ ಸಂಖ್ಯೆ ಹಾಕಿಯೇ ಇಳಿಸಿ. "ಎಲ್ಲ ಡ್ರೈವರ್ ಒಂದೇ ಕಡೆ" ಎಂದು ಕರೆಯುವ ಬಿಟ್ಟಿ ಸಾಫ್ಟ್‌ವೇರ್‌ಗಳ ಹತ್ತಿರ ಹೋಗಬೇಡಿ.

ಡಿವೈಸ್ ಮ್ಯಾನೇಜರ್‌ನಲ್ಲಿ ಕಾರ್ಡೇ ಕಾಣದಿದ್ದರೆ ಲ್ಯಾಪ್‌ಟಾಪ್ ಶಟ್‌ಡೌನ್ ಮಾಡಿ, ಚಾರ್ಜರ್ ತೆಗೆದು, ಬ್ಯಾಟರಿ ಬಿಚ್ಚಲು ಬಂದರೆ ಬಿಚ್ಚಿ, ಪವರ್ ಬಟನ್ 30 ಸೆಕೆಂಡ್ ಒತ್ತಿ ಹಿಡಿಯಿರಿ. ಬೋರ್ಡಿನಲ್ಲಿ ಉಳಿದ ಚಾರ್ಜ್ ಇಳಿದು ಜಡ್ಡುಗಟ್ಟಿದ ಕಾರ್ಡ್ ಎಷ್ಟೋ ಸಲ ಎಚ್ಚರವಾಗುತ್ತದೆ.

ಪ್ರಶ್ನೆ: ಅಂಗಡಿಯ ಕಂಪ್ಯೂಟರ್ ವಿಂಡೋಸ್ 7. ನೆಟ್ ಇದೆ, ಆದರೆ ಬ್ಯಾಂಕಿನ ಪುಟ, ಜಿಎಸ್‌ಟಿ ಪುಟ ಸರಿಯಾಗಿ ತೆರೆಯುವುದಿಲ್ಲ.
— ಮದ್ದೂರು

ಉತ್ತರ: ನಿಮ್ಮ ಲೈನಿನಲ್ಲಿ ದೋಷವಿಲ್ಲ. ವಿಂಡೋಸ್ 7ಕ್ಕೆ ಸಾಮಾನ್ಯ ಬೆಂಬಲ 2020ರ ಜನವರಿ 14ಕ್ಕೆ ಮುಗಿಯಿತು, ಅದರಲ್ಲಿ ಓಡುವ ಕೊನೆಯ ಕ್ರೋಮ್ 109ನೆಯದು. ಇಂದಿನ ಪುಟಗಳು ಕೇಳುವ ಭದ್ರತೆ ಅದರಲ್ಲಿಲ್ಲ. ಹಣದ ವ್ಯವಹಾರ ಅದರಲ್ಲಿ ಬೇಡವೇ ಬೇಡ. ವಿಂಡೋಸ್ 10ಕ್ಕೆ ಹೋಗಬೇಡಿ, ಅದರ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಳೆಯ ಯಂತ್ರಕ್ಕೆ ಸಾಮಾನ್ಯವಾಗಿ ವಿಂಡೋಸ್ 11 ಹತ್ತುವುದಿಲ್ಲ. 4 ಜಿಬಿ ರ‍್ಯಾಮ್ ಇದ್ದರೆ ಲಿನಕ್ಸ್ ಮಿಂಟನ್ನು 8 ಜಿಬಿ ಪೆನ್‌ಡ್ರೈವಿಗೆ ಹಾಕಿಸಿ, ಡಿಸ್ಕಿನಲ್ಲಿ ಏನೂ ಅಳಿಸದೆ ಅದರಿಂದಲೇ ಆನ್ ಮಾಡಿ ನಿಮ್ಮ ಪುಟಗಳು ತೆರೆಯುತ್ತವೆಯೇ ನೋಡಿ. ಬಿಲ್ಲಿಂಗ್ ಸಾಫ್ಟ್‌ವೇರ್ ವಿಂಡೋಸ್‌ನದೇ ಬೇಕಾದರೆ ಹಳೆಯ ಯಂತ್ರವನ್ನು ನೆಟ್‌ನಿಂದ ಬಿಡಿಸಿ ಬಿಲ್ಲಿಗೆ ಮಾತ್ರ ಇಟ್ಟುಕೊಳ್ಳಿ.

ಪ್ರಶ್ನೆ: ಕರೆಂಟ್ ಹೋಗಿ ಬಂದಾಗಲೆಲ್ಲ ನೆಟ್ ಬರಲು ಅರ್ಧ ಗಂಟೆ. ಇತ್ತೀಚೆಗೆ ಕರೆಂಟ್ ಇದ್ದರೂ ರೂಟರ್ ತಾನೇ ಆಫ್ ಆಗಿ ಆನ್ ಆಗುತ್ತದೆ.
— ಶ್ರೀರಂಗಪಟ್ಟಣ

ಉತ್ತರ: ರೂಟರಿಗಿಂತ ಮೊದಲು ಅಡಾಪ್ಟರನ್ನು ಅನುಮಾನಿಸಿ. ಒಳಗಿನ ಕೆಪಾಸಿಟರ್ ಸೊರಗಿದರೆ ಖಾಲಿ ಇದ್ದಾಗ 12 ವೋಲ್ಟ್ ತೋರಿಸುತ್ತದೆ, ರೂಟರ್ ಎಳೆಯಲು ಶುರುಮಾಡಿದ ಕೂಡಲೇ ಕುಸಿಯುತ್ತದೆ. ಹಾಗಾಗಿ ಮೀಟರ್ ಹಿಡಿದು ನೋಡಿ "ಸರಿಯಿದೆ" ಎನ್ನುವವರ ಮಾತು ಪೂರ್ತಿ ನಂಬಬೇಡಿ. ಹೊಸದು ತರುವಾಗ ವೋಲ್ಟ್ ಹಳೆಯದರಷ್ಟೇ ಇರಬೇಕು. ಆಂಪ್ಸ್ ಹಳೆಯದರಷ್ಟು ಅಥವಾ ಹೆಚ್ಚು, ಹಳೆಯದರಲ್ಲಿ 1 ಎಂದಿದ್ದರೆ 1.5 ತಂದರೂ ತೊಂದರೆಯಿಲ್ಲ, 0.5 ತರಬಾರದು. ಪಿನ್ನಿನ ನಡುವೆ ಪ್ಲಸ್ಸೋ ಮೈನಸ್ಸೋ ಎಂಬ ಚಿತ್ರ ಎರಡರಲ್ಲೂ ಒಂದೇ ಇರಲಿ. ಕರೆಂಟ್ ಹೋಗುವ ಊರಿಗೆ 12 ವೋಲ್ಟಿನ ರೂಟರ್ ಯುಪಿಎಸ್ ಒಂದು ಇಟ್ಟುಕೊಂಡರೆ ರೂಟರ್ ಮತ್ತೆ ಮತ್ತೆ ಏಳುವ ಕೆಲಸವೇ ತಪ್ಪುತ್ತದೆ. ರೂಟರ್ ಮತ್ತು ಫೈಬರ್ ಪೆಟ್ಟಿಗೆ ಬೇರೆ ಬೇರೆ ಇದ್ದರೆ ಎರಡಕ್ಕೂ ಯುಪಿಎಸ್ ಸಂಪರ್ಕ ಕೊಡಿ; ಒಂದಕ್ಕೆ ಕೊಟ್ಟು ಇನ್ನೊಂದನ್ನು ಬಿಟ್ಟರೆ ಕರೆಂಟ್ ಹೋದಾಗ ವೈಫೈ ಗುರುತು ಇರುತ್ತದೆ, ನೆಟ್ ಇರುವುದಿಲ್ಲ.